"ಊರೆಲ್ಲ ಸೇರಿ" ಅಂದ್ರೆ ಯಾರ್ಯಾರು?

ನಮ್ಮ ತಾತ ನೀರಗಂಟಿ. ನಮ್ಮೂರ ಕೆರೆಯ ತೂಬು ಎತ್ತಿ ಇಳಿಸುತ್ತಿದ್ದದ್ದು ಅವನ ಕೈ. ಏರಿ ಮೇಲೆ ಏಡಿ ಎಲ್ಲಿ ತೂತು ಕೊರೆದಿದೆ, ಕೋಡಿ ಬಿದ್ದರೆ ನೀರು ಯಾವ ಹಳ್ಳಕ್ಕೆ ನುಗ್ಗುತ್ತದೆ, ಕಟ್ಟಕಡೆಯ ಗದ್ದೆಗೆ ನೀರು ಮುಟ್ಟೋಕೆ ಎಷ್ಟು ಹೊತ್ತು ಬೇಕು, ಇದೆಲ್ಲ ಅವನಿಗೆ ಬಾಯಿಪಾಠ. ರಾತ್ರಿ ಮಳೆ ಹುಯ್ದರೆ ಊರು ಕಂಬಳಿ ಹೊದ್ದು ಮಲಗುತ್ತಿತ್ತು. ತಾತ ಗೋಣಿಕೊಪ್ಪೆ ಹಾಕ್ಕೊಂಡು ಏರಿ ಮೇಲೆ ನಿಂತಿರುತ್ತಿದ್ದ. ಆ ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ ಅವನ ಸ್ವಂತದ್ದು ಅಂತ ಒಂದು ಗುಂಟೆ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು, ವಸ್ತ್ರ ಒಡ್ಡಿ ಇಸಕೊಂಡ ಭತ್ತವೇ ಅವನ ಸಂಬಳ.

ತಾತ ಒಂದು ಮಾತು ಹೇಳುತ್ತಿದ್ದ. ಈ ವರ್ಷ ಕೆರೆ ನೀರನ್ನು ಭತ್ತಕ್ಕೆ ಬಿಡಬೇಕಾ, ಅರ್ಧ ಅಚ್ಚುಕಟ್ಟಿಗೆ ಮಾತ್ರ ಬಿಡಬೇಕಾ, ದನಕರುಗಳಿಗೆ ಅಂತ ಉಳಿಸಿಕೊಳ್ಳಬೇಕಾ ಅಂತ ತೀರ್ಮಾನ ಮಾಡೋಕೆ ಚಾವಡಿಯಲ್ಲಿ ಊರು ಸೇರುತ್ತಿತ್ತು. ಯಜಮಾನರು ಜಗಲಿ ಮೇಲೆ. ತಾತ ಕೆಳಗೆ, ಬಿಸಿಲಲ್ಲಿ, ಎಕ್ಕಡ ದೂರ ಬಿಟ್ಟು. "ಎಷ್ಟು ಮೆಟ್ಟಲು ನೀರೈತ್ಲಾ?" ಅಂತ ಕೇಳೋರು. "ಇಷ್ಟು ಮೆಟ್ಟಲು ಐತೆ ಬುದ್ಧಿ" ಅಂತ ಇವನು ಹೇಳೋನು. "ಸರಿ, ಹೋಗು." ಅಲ್ಲಿಗೆ ಅವನ ಕೆಲಸ ಮುಗೀತು. ಸಂಜೆ ಹೊತ್ತಿಗೆ ನಮ್ಮ ಕೇರಿಯವರೇ ತಮಟೆ ಹೊಡಕೊಂಡು ಬೀದಿ ಬೀದಿ ಸಾರೋರು: "ಊರೆಲ್ಲ ಸೇರಿ ತೀರ್ಮಾನ ಆಗೈತೆ ಕಣ್ರಪ್ಪೋ!"

ಲೆಕ್ಕ ನೋಡಿ. ಕೆರೆಯ ತಿಳಿವಳಿಕೆ ನಮ್ಮದು. ಮೈಮುರಿಯೋ ಕೆಲಸ ನಮ್ಮದು. ಸಾರೋ ತಮಟೆ ನಮ್ಮದು. ತೀರ್ಮಾನ ಮಾತ್ರ ಅವರದ್ದು. ಆದರೂ ಅದರ ಹೆಸರು "ಊರೆಲ್ಲ ಸೇರಿ"!

ಇದು ಈಗ ಯಾಕೆ ನೆನಪಾಯ್ತು ಅಂದ್ರೆ, ಪರಿಸರದ ಪ್ರಶ್ನೆಗಳ ಬಗ್ಗೆ ಜನ ಗುಂಪಾಗಿ ಹೇಗೆ ತೀರ್ಮಾನ ತಗೋತಾರೆ ಅಂತ ಮಾನವಶಾಸ್ತ್ರಜ್ಞರು ಬರೆದ ಪುಸ್ತಕಗಳನ್ನು ಈಚೆಗೆ ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯನೊಬ್ಬ ನಕ್ಕುಬಿಟ್ಟ. "ಪರಿಸರ ಹೊಟ್ಟೆ ತುಂಬಿದೋರ ಮಾತು ಮಾರಾಯ. ಮೊದಲು ಸ್ಕಾಲರ್‌ಶಿಪ್ ಬರ್ಲಿ, ಊಟದಲ್ಲಿ ಹುಳ ಬರೋದು ನಿಲ್ಲಲಿ" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಕೆರೆ, ಗೋಮಾಳ, ಕಾಡು, ಸ್ಮಶಾನದ ಜಾಗ, ಬೋರ್‌ವೆಲ್ಲು ಇವೆಲ್ಲ ಪರಿಸರ ಅಲ್ಲವಾ? ಇವು ಯಾರಿಗೆ ಸೇರಬೇಕು ಅಂತ ತೀರ್ಮಾನ ಮಾಡೋ ಸಭೆಯಲ್ಲಿ ನಮ್ಮಪ್ಪಂದಿರು ಎಲ್ಲಿ ನಿಂತಿದ್ದರು ಅನ್ನೋದು ಹೊಟ್ಟೆಪಾಡಿನ ಪ್ರಶ್ನೆಯೇ ಅಲ್ಲವಾ?

ನಮ್ಮ ಜನಪದರಿಗೆ ಈ ವಿಷಯ ಯಾವತ್ತೋ ಗೊತ್ತಿತ್ತು. "ಕೆರೆಗೆ ಹಾರ" ಹಾಡು ನಿಮಗೆಲ್ಲ ಗೊತ್ತು. ಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ, ಹೊತ್ತಿಗೆ ತೆಗೆಸಿ ನೋಡಿದರು, ಕಿರಿಸೊಸೆ ಭಾಗೀರತಿಯನ್ನು ಆಹುತಿ ಕೊಡೋದು ಅಂತಾಯ್ತು. ಅದೂ ನೀರಿನ ಬಗ್ಗೆ ಒಂದು ಸಾಮೂಹಿಕ ತೀರ್ಮಾನವೇ. ಮನೆಯವರೆಲ್ಲ ಸೇರಿ ಮಾಡಿದ್ದು. ಒಬ್ಬಳನ್ನು ಮಾತ್ರ ಕೇಳಲಿಲ್ಲ, ಯಾರು ಮುಳುಗಬೇಕಿತ್ತೋ ಅವಳನ್ನು. ಗುಂಪಿನ ತೀರ್ಮಾನದ ಮೇಲೆ ಇದಕ್ಕಿಂತ ದೊಡ್ಡ ಟೀಕೆ ಯಾವ ಯೂನಿವರ್ಸಿಟಿಯಲ್ಲೂ ಹುಟ್ಟಿಲ್ಲ.

ಈಗ ಪಂಡಿತರ ವಾದ ನೋಡೋಣ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದ ಜೀವಶಾಸ್ತ್ರಜ್ಞ ಒಂದು ಲೇಖನ ಬರೆದ. ಎಲ್ಲರಿಗೂ ಸೇರಿದ ಹುಲ್ಲುಗಾವಲಿದ್ದರೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಅಂತ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲೇ ಉಳಿಯಲ್ಲ. ಆದ್ದರಿಂದ ಸರ್ಕಾರ ಹಿಡಿತಕ್ಕೆ ತಗೋಬೇಕು, ಇಲ್ಲವೇ ಖಾಸಗಿಗೆ ಹಂಚಬೇಕು ಅಂದ. ಇದಕ್ಕೆ ಉತ್ತರ ಕೊಟ್ಟವಳು ಎಲಿನಾರ್ ಓಸ್ಟ್ರಮ್. ಜನ ಅಷ್ಟು ದಡ್ಡರಲ್ಲ, ಕೂತು ಮಾತಾಡಿ ನಿಯಮ ಮಾಡಿಕೊಳ್ಳುತ್ತಾರೆ, ತಾವೇ ಕಾವಲು ಕಾಯುತ್ತಾರೆ, ತಪ್ಪಿದವರಿಗೆ ದಂಡ ಹಾಕುತ್ತಾರೆ ಅಂತ ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲು, ಸ್ಪೇನಿನ ನೀರಾವರಿ ಕಾಲುವೆಗಳ ಉದಾಹರಣೆ ಕೊಟ್ಟು 1990ರಲ್ಲಿ ಪುಸ್ತಕ ಬರೆದಳು. 2009ರಲ್ಲಿ ಅವಳಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಂಗಸು ಅವಳೇ.

ಓಸ್ಟ್ರಮ್ ಮಾತು ನನಗೆ ಇಷ್ಟವಾಯ್ತು. ಬಡವರ ಬುದ್ಧಿಯ ಮೇಲೆ ಅವಳಿಗೆ ನಂಬಿಕೆ ಇತ್ತು. ಆದರೆ ಆ ಪುಸ್ತಕವನ್ನು ನಮ್ಮ ದೇಶಕ್ಕೆ ತಂದು ಕೆಲವರು ಮಾಡಿದ ಭಾಷಣ ಕೇಳಿ ಮೈ ಉರಿಯಿತು. "ನೋಡಿ, ನಮ್ಮ ಹಿರಿಯರು ಎಷ್ಟು ಚೆನ್ನಾಗಿ ಕೆರೆ ಕಾಪಾಡಿಕೊಂಡಿದ್ದರು! ಊರೇ ಒಂದು ಪುಟ್ಟ ಗಣರಾಜ್ಯ!" ಅಂತ. ಈ ಗಣರಾಜ್ಯದ ಮಾತು ಹೊಸದಲ್ಲ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಅನ್ನೋ ಕಂಪನಿ ಅಧಿಕಾರಿ ಬರೆದದ್ದು. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಇದೇ ಮೆಟ್ಕಾಫನ ಮಾತನ್ನು ಎತ್ತಿಕೊಂಡು, ಹಳ್ಳಿಯನ್ನು ಹೊಗಳುವ ವಿದ್ಯಾವಂತರನ್ನು ತರಾಟೆಗೆ ತಗೊಂಡರು. ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಸಂವಿಧಾನದ ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು. ಯಾಕೆ ಅಂತ ನಮ್ಮ ತಾತನ ಎಕ್ಕಡ ಕೇಳಿದ್ದರೆ ಅದೇ ಹೇಳುತ್ತಿತ್ತು.

ಇಲ್ಲಿಗೆ ಬರುತ್ತಾನೆ ಡೇವಿಡ್ ಮಾಸ್. ಲಂಡನ್ನಿನ ಮಾನವಶಾಸ್ತ್ರಜ್ಞ. 1980ರ ದಶಕದ ಶುರುವಿನಲ್ಲಿ ತಮಿಳುನಾಡಿನ ರಾಮನಾಡು ಸೀಮೆಯ ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದ. ಅದು ಒಣ ಬಯಲುಸೀಮೆ. ಒಂದರ ಕೋಡಿ ನೀರು ಇನ್ನೊಂದಕ್ಕೆ ಅನ್ನೋ ಹಾಗೆ ಕೆರೆಗಳ ಸರಪಳಿ. ಆಮೇಲೂ ಅಲ್ಲಿನ ಕೆರೆಗಳ ಬೆನ್ನು ಬಿಡದೆ 2003ರಲ್ಲಿ ಒಂದು ದಪ್ಪ ಪುಸ್ತಕ ಪ್ರಕಟಿಸಿದ. ಅವನ ಪ್ರಶ್ನೆ ಸರಳ: ಕೆರೆ ಬಗ್ಗೆ ಊರು ತೀರ್ಮಾನ ಮಾಡ್ತಿತ್ತು ಅಂತೀರಲ್ಲ, ಆ ಊರು ಅಂದ್ರೆ ಯಾರು?

ಅವನು ಕಂಡದ್ದು ಇದು. ಕೆರೆ ಬರೀ ನೀರಿನ ಗುಂಡಿ ಅಲ್ಲ, ಅಧಿಕಾರದ ಗದ್ದುಗೆ. ಪಾಳೇಗಾರರು, ರಾಜರು ಕೆರೆ ಕಟ್ಟಿಸಿದ್ದು, ದತ್ತಿ ಬಿಟ್ಟದ್ದು ಕೀರ್ತಿಗೆ, ಹಿಡಿತಕ್ಕೆ. ಕೆರೆಯ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದಕ್ಕೂ, ದೇವಸ್ಥಾನದ ಜಾತ್ರೆಯಲ್ಲಿ ಯಾರಿಗೆ ಮೊದಲ ಮರ್ಯಾದೆ ಅನ್ನೋದಕ್ಕೂ ನಂಟು. ತೂಬು ನೋಡಿಕೊಂಡು ಗದ್ದೆಗೆ ನೀರು ತಿರುಗಿಸುವ ಕೆಲಸ ನಮ್ಮಂಥವರದ್ದು. ಅದಕ್ಕೆ ಅಲ್ಲಿ ನೀರ್‌ಪಾಯ್ಚಿ ಅಂತಾರೆ. ನಮ್ಮ ತಾತನ ಹಾಗೇ ಅವರಿಗೂ ಕೂಲಿ ಸಿಕ್ಕುತ್ತಿದ್ದದ್ದು ಕಣದಲ್ಲಿ, ಕಾಳಿನ ರೂಪದಲ್ಲಿ. ಆ ಕೆಲಸದ ಜೊತೆಗೇ ತಮಟೆ, ಹೆಣ, ಸತ್ತ ದನದ ಚಾಕರಿಯೂ ಅಂಟಿಕೊಂಡಿತ್ತು. ಅದು ನೌಕರಿ ಅಲ್ಲ, ಹುಟ್ಟಿನ ಗುರುತು.

ಬ್ರಿಟಿಷರ ಬಗ್ಗೆಯೂ ಅವನು ಹೇಳ್ತಾನೆ. ಕೆರೆ ರಿಪೇರಿ ರೈತರೇ ಮಾಡಿಕೊಳ್ಳೋದು ಪುರಾತನ ಪದ್ಧತಿ, ಕುಡಿಮರಾಮತ್ತು, ಅಂತ ಸರ್ಕಾರ ಒತ್ತಿ ಒತ್ತಿ ಹೇಳಿದ್ದಕ್ಕೆ ಕಾರಣ ಸಂಪ್ರದಾಯದ ಮೇಲಿನ ಪ್ರೀತಿ ಅಲ್ಲ, ಖರ್ಚು ತಪ್ಪಿಸಿಕೊಳ್ಳುವ ಉಪಾಯ. ಕಂದಾಯ ಸರ್ಕಾರಕ್ಕೆ, ಹೂಳು ಎತ್ತೋದು ಜನಕ್ಕೆ. ಆ ಜನದಲ್ಲೂ ಗುದ್ದಲಿ ಯಾರ ಕೈಯಲ್ಲಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ.

ಮಾಸ್‌ನ ಅಧ್ಯಯನದಲ್ಲಿ ನನ್ನ ನಿದ್ದೆ ಕೆಡಿಸಿದ ಮಾತು ಇನ್ನೊಂದಿದೆ. ಆ ಸೀಮೆಯ ಮೇಲ್ಭಾಗದಲ್ಲಿ ಒಂದೇ ಜಾತಿ ಬಲವಾಗಿದ್ದ ಹಳ್ಳಿಗಳಲ್ಲಿ ನೀರಿನ ಕಟ್ಟುಪಾಡು ಬಿಗಿಯಾಗಿತ್ತು. ಸರದಿ, ಕಾವಲು, ದಂಡ ಎಲ್ಲ ನಡೆಯುತ್ತಿತ್ತು. ಕೆಳಗಿನ ಬಯಲಿನಲ್ಲಿ, ಹಾಗೆ ಒಂದು ಜಾತಿಯ ಹಿಡಿತ ಇಲ್ಲದ ಕಡೆ, ಕಟ್ಟುಪಾಡೂ ಸಡಿಲ. ಅಂದ್ರೆ ನೀರಿನ ಶಿಸ್ತು ಎಲ್ಲಿತ್ತೋ ಅಲ್ಲಿ ದಬ್ಬಾಳಿಕೆಯೂ ಇತ್ತು. ಹಿಡಿತ ಸಡಿಲವಾದ ಕಡೆ ಶಿಸ್ತೂ ಸಡಿಲ. ಮಣ್ಣಿನ ಗುಣ, ಮಳೆಯ ಗುಣವೂ ಇದರಲ್ಲಿ ಸೇರಿದೆ ಅಂತ ಅವನು ಹೇಳ್ತಾನೆ. ಆದರೂ ಪ್ರಶ್ನೆ ನಮ್ಮ ಮುಂದೆ ಕಲ್ಲಿನ ಹಾಗೆ ಬಿದ್ದಿದೆ. ಕೆರೆ ಬೇಕಾ, ಸ್ವಾತಂತ್ರ್ಯ ಬೇಕಾ?

ಇದು ನಮ್ಮ ಮನೆಯ ಪ್ರಶ್ನೆಯೂ ಹೌದು. ನಮ್ಮಪ್ಪ ನೀರಗಂಟಿ ಕೆಲಸ ಬಿಟ್ಟ. ನಾನು ಹುಟ್ಟೋಕೆ ಮುಂಚಿನ ಮಾತು. ತಾತ ಕೈಲಾಗದೆ ಕೂತ ಮೇಲೆ, "ನಿನ್ನ ಮಗನ್ನ ಕಳಿಸು" ಅಂತ ಹೇಳಿಕಳಿಸಿದರು. ಅಪ್ಪ ಹೋಗಲಿಲ್ಲ. "ಸಂಬಳ ಕೊಡ್ತೀವಿ ಅಂತ ಬರೆದುಕೊಡಿ, ಬರ್ತೀನಿ. ಕಣದಲ್ಲಿ ವಸ್ತ್ರ ಒಡ್ಡಲ್ಲ" ಅಂದನಂತೆ. ಆ ವರ್ಷ ನಮ್ಮ ಕೇರಿಗೆ ಕೂಲಿ ಕರೆಯಲಿಲ್ಲ. ಅಂಗಡಿಯಲ್ಲಿ ಸಾಲ ಕೊಡಲಿಲ್ಲ. ಅವ್ವ ಮೂರು ಮೈಲಿ ದೂರದ ಊರಿಗೆ ಕಳೆ ಕೀಳೋಕೆ ಹೋಗಿಬಂದಳು. ಆಮೇಲೆ ಕೆರೆ ತೂಬು ಕೆಟ್ಟಿತು, ಏರಿ ಮೇಲೆ ಜಾಲಿ ಬೆಳೆಯಿತು, ಹೂಳು ತುಂಬಿತು. ಇವತ್ತಿಗೂ ಊರಲ್ಲಿ ಒಂದು ಮಾತಿದೆ: "ಹಟ್ಟಿಯೋರಿಗೆ ಸೊಕ್ಕು ಬಂತು, ಕೆರೆ ಕೆಟ್ಟೋಯ್ತು."

ಚಿಕ್ಕವನಿದ್ದಾಗ ಆ ಮಾತು ಕೇಳಿ ನನಗೆ ನಾಚಿಕೆ ಆಗುತ್ತಿತ್ತು. ನಮ್ಮಪ್ಪ ತಪ್ಪು ಮಾಡಿದ ಅನ್ನಿಸುತ್ತಿತ್ತು. ತಾತನೂ ಸಾಯೋವರೆಗೆ ಏರಿ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ರಾಮನಾಡಿನ ಕಥೆ ಓದಿದ ಮೇಲೆ ಗೊತ್ತಾಯ್ತು, ಅಲ್ಲೂ ನಮ್ಮವರು ಒಂದೊಂದೇ ಚಾಕರಿ ಬಿಡುತ್ತಾ ಬಂದಿದ್ದಾರೆ. ತಮಟೆ ಬಿಟ್ಟರು, ಹೆಣ ಹೊರೋದು ಬಿಟ್ಟರು. ಅದು ಸೊಕ್ಕಲ್ಲ. ಮನುಷ್ಯ ನೆಟ್ಟಗೆ ನಿಲ್ಲುವಾಗ ಬೆನ್ನಿನ ಮೇಲಿದ್ದ ಮೂಟೆ ಬಿದ್ದೇ ಬೀಳುತ್ತದೆ. ಮೂಟೆ ಬಿತ್ತು ಅಂತ ಅಳೋರು, ಅದನ್ನು ಇಷ್ಟು ದಿನ ಹೊತ್ತವನ ಬೆನ್ನು ನೋಡಿದ್ದರಾ? ಮತ್ತೆ, ಕೆರೆ ಹಾಳಾದದ್ದು ಬರೀ ನಮ್ಮಪ್ಪನಿಂದಲಾ? ಗದ್ದೆ ಇದ್ದವರು ಬೋರ್‌ವೆಲ್ ಕೊರೆಸಿದರು, ಆಮೇಲೆ ಕೆರೆ ಕಡೆ ತಿರುಗಿಯೂ ನೋಡಲಿಲ್ಲ. ಕೆರೆ ಅಂಗಳ ಒತ್ತುವರಿ ಮಾಡಿದರು. ನೀರು ಹರಿದುಬರೋ ಕಡೆ ನೀಲಗಿರಿ ಹಾಕಿದರು. ಇವೂ ತೀರ್ಮಾನಗಳೇ. ಇವಕ್ಕೆ ತಮಟೆ ಮಾತ್ರ ಹೊಡೆಸಲಿಲ್ಲ.

ಹಾಗಾದ್ರೆ ದಬ್ಬಾಳಿಕೆ ಇಲ್ಲದೆ ನೀರಿನ ಶಿಸ್ತು ಸಾಧ್ಯವೇ ಇಲ್ಲವಾ? ಇದಕ್ಕೆ ಇನ್ನೊಬ್ಬ ಮಾನವಶಾಸ್ತ್ರಜ್ಞನ ಅಧ್ಯಯನ ನೋಡಿ. ಸ್ಟೀಫನ್ ಲ್ಯಾನ್ಸಿಂಗ್ ಅಂತ, ಅಮೆರಿಕದವನು. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಬೆಟ್ಟದ ಇಳಿಜಾರಿನ ಭತ್ತದ ಗದ್ದೆಗಳ ಬಗ್ಗೆ ಬರೆದ. ಅಲ್ಲಿ ಒಂದು ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಕ್ ಅಂತಾರೆ. ಇಂಥ ಹಲವು ಕೂಟಗಳು ಸೇರೋದು ಜಲದೇವಾಲಯದಲ್ಲಿ. ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡೋದು ಅಂತ ಅಲ್ಲಿ ತೀರ್ಮಾನ.

1970ರ ದಶಕದಲ್ಲಿ ಹಸಿರು ಕ್ರಾಂತಿ ಅಂತ ಸರ್ಕಾರ ಅಲ್ಲಿಗೆ ಹೋಯ್ತು. ದೇವಸ್ಥಾನದ ಪಂಚಾಂಗ ಬಿಡಿ, ಹೊಸ ತಳಿ ಹಾಕಿ, ವರ್ಷಕ್ಕೆ ಎಷ್ಟು ಸಲ ಆಗುತ್ತೋ ಅಷ್ಟು ಸಲ ನಾಟಿ ಮಾಡಿ ಅಂತು. ಆಮೇಲೆ ನೀರಿನ ಹಂಚಿಕೆ ಅಧ್ವಾನವಾಯ್ತು. ಕಂದು ಜಿಗಿಹುಳ ಗದ್ದೆಯಿಂದ ಗದ್ದೆಗೆ ಹಾರಿ ಪೈರು ತಿಂದುಹಾಕಿತು. ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಅನ್ನೋ ಪರಿಸರ ವಿಜ್ಞಾನಿ ಎರಡು ನದಿಗಳ 172 ಸುಬಕ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲಲ್ಲ. ಒಬ್ಬೊಬ್ಬರು ಒಂದೊಂದು ಸಲ ಮಾಡಿದರೆ ಹುಳಕ್ಕೆ ವರ್ಷವಿಡೀ ಹಬ್ಬ. ಇವೆರಡರ ನಡುವೆ ಬೇಕಾದ ಹದವನ್ನು ಜಲದೇವಾಲಯದ ಸಭೆಗಳು ಮೊದಲೇ ಕಂಡುಕೊಂಡಿದ್ದವು.

ಇಲ್ಲಿ ದೇವಸ್ಥಾನ ನನಗೆ ಮುಖ್ಯ ಅಲ್ಲ. ಪೂಜಾರಿಯ ಮಹಿಮೆ ಹಾಡೋಕೆ ನಾನು ಈ ಕಥೆ ತಂದಿಲ್ಲ. ಮುಖ್ಯವಾದದ್ದು ಇಷ್ಟು: ಮೇಲಿನ ಗದ್ದೆಯವನು ಕೆಳಗಿನ ಗದ್ದೆಯವನಿಗೆ ಯಾಕೆ ನೀರು ಬಿಡ್ತಾನೆ? ಧರ್ಮಬುದ್ಧಿ ಉಕ್ಕಿ ಹರಿದು ಅಲ್ಲ. ಕೆಳಗಿನವನು ತನ್ನ ಜೊತೆಗೇ ಗದ್ದೆ ಖಾಲಿ ಬಿಡದಿದ್ದರೆ ಹುಳ ತನ್ನ ಪೈರಿಗೂ ಬರುತ್ತೆ ಅಂತ. ಕೆಳಗಿನವನಿಗೆ ಮೇಲಿನವನ ನೀರು ಬೇಕು, ಮೇಲಿನವನಿಗೆ ಕೆಳಗಿನವನ ಸಹಕಾರ ಬೇಕು. ಇಬ್ಬರ ಕೈಯಲ್ಲೂ ಒಂದೊಂದು ಬೀಗದ ಕೈ ಇದೆ. ಅದಕ್ಕೇ ಇಬ್ಬರೂ ಕೂತು ಮಾತಾಡ್ತಾರೆ.

ಗೆಳೆಯರೇ, ನಮ್ಮ ಊರಿನ ಸಭೆಗೂ ಆ ಸಭೆಗೂ ಇರೋ ಅಂತರ ಇದೇ. ಬೀಗದ ಕೈ ಇದ್ದವನನ್ನು ಕೂರಿಸಿ ಮಾತಾಡ್ತಾರೆ, ಇಲ್ಲದವನನ್ನು ನಿಲ್ಲಿಸಿ ಕೇಳ್ತಾರೆ. ನಮ್ಮ ತಾತನ ಕೈಯಲ್ಲಿ ತೂಬಿನ ಕೋಲಿತ್ತು. ಅದು ಬೀಗದ ಕೈ ಅಂತ ಅವನಿಗೆ ಗೊತ್ತಾಗದ ಹಾಗೆ ಊರು ನೋಡಿಕೊಂಡಿತ್ತು. ನಮ್ಮಪ್ಪನಿಗೆ ಗೊತ್ತಾಯ್ತು. ಆದರೆ ಅವನು ಕೋಲನ್ನು ಕೆಳಗಿಟ್ಟು ಹೊರಟುಬಿಟ್ಟ. ತಾತ ಕೆಲಸ ಬಿಡಲಿಲ್ಲ, ಮರ್ಯಾದೆ ಸಿಕ್ಕಲಿಲ್ಲ. ಅಪ್ಪ ಮರ್ಯಾದೆ ಉಳಿಸಿಕೊಂಡ, ಕೆರೆ ಕೈಬಿಟ್ಟಿತು. ಅವನು ಒಬ್ಬನೇ ಇದ್ದ, ಸಂಘ ಇರಲಿಲ್ಲ, ಇನ್ನೇನು ಮಾಡಬಹುದಿತ್ತು? ಮೂರನೇ ತಲೆಮಾರಿನ ನಾವು ಕೋಲನ್ನೂ ಹಿಡಿಯಬೇಕು, ಜಗಲಿಯನ್ನೂ ಹತ್ತಬೇಕು.

"ಈಗ ಕಾನೂನು ಇದೆಯಲ್ಲ, ಗ್ರಾಮಸಭೆ ಇದೆಯಲ್ಲ" ಅಂತ ಕೆಲವರು ಹೇಳಬಹುದು. ಕಾಗದ ಏನು ಮಾಡುತ್ತೆ, ಏನು ಮಾಡಲ್ಲ ಅಂತ ಮಹಾಡ್ ಕೆರೆ ನಮಗೆ ಕಲಿಸಿದೆ. 1923ರಲ್ಲಿ ಮುಂಬಯಿ ಶಾಸನಸಭೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರದ್ದು ಅಂತ ಒಪ್ಪಿತು. ಕಾಗದದಲ್ಲಿ ಕೆರೆ ತೆರೆದಿತ್ತು. ನೀರು ಮುಟ್ಟಿದ ಅಸ್ಪೃಶ್ಯ ಒಬ್ಬನೂ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದ ಮೇಲೆ ಆ ಕಾಗದಕ್ಕೆ ಜೀವ ಬಂತು. ಆಮೇಲೆ ಏನಾಯ್ತು? ನಮ್ಮವರನ್ನು ಹೊಡೆದರು. 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ "ಶುದ್ಧ" ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಸಗಣಿ ಗಂಜಲ ಸುರಿದು ಕುಡಿಯೋ ನೀರನ್ನು ಶುದ್ಧ ಮಾಡಿದೋರು, ಹಟ್ಟಿ ಜನಕ್ಕೆ ಪರಿಸರ ಪ್ರಜ್ಞೆ ಇಲ್ಲ ಅಂತ ಈಗ ಪಾಠ ಹೇಳ್ತಾರೆ. ನಗಬೇಕಾ, ಅಳಬೇಕಾ?

ಹಾಗಂತ ಕಾಗದ ಬೇಡ ಅಂತ ಅಲ್ಲ. ಒಡಿಶಾದ ನಿಯಮಗಿರಿ ನೋಡಿ. ಡೋಂಗ್ರಿಯಾ ಕೋಂಡರ ಬೆಟ್ಟ. ಅದರ ತಲೆ ಮೇಲಿನ ಬಾಕ್ಸೈಟ್ ಮೇಲೆ ವೇದಾಂತ ಕಂಪನಿಯ ಕಣ್ಣು ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಇತ್ತು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, ಅಲ್ಲಿನ ಗ್ರಾಮಸಭೆಗಳೇ ಹೇಳಲಿ ಅಂತು. ಜುಲೈ, ಆಗಸ್ಟಿನಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ನ್ಯಾಯಾಧೀಶರು ಎದುರಿಗೇ ಇದ್ದರು. 12ಕ್ಕೆ 12 ಹಳ್ಳಿಯೂ "ಬೇಡ" ಅಂದವು. ಗಣಿ ನಿಂತಿತು. ಕಾಗದ, ಸಂಘಟನೆ, ಎದುರಿಗೆ ಸಾಕ್ಷಿ ಮೂರೂ ಸೇರಿದ್ದರಿಂದ ಅಲ್ಲಿ ತೀರ್ಮಾನಕ್ಕೆ ಬೆಲೆ ಬಂತು.

ಆದರೆ ಅದೇ ಕಾಯ್ದೆಯ ಇನ್ನೊಂದು ಮುಖವನ್ನೂ ನೋಡಿ. ಆದಿವಾಸಿ ಪಟ್ಟಿಯಲ್ಲಿ ಇಲ್ಲದ ಅರಣ್ಯವಾಸಿಗಳು, ಅದರಲ್ಲಿ ದಲಿತರೂ ಸೇರಿದ್ದಾರೆ, ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಪುರಾವೆ ಕೊಡಬೇಕು. 75 ವರ್ಷದ ಹಿಂದೆ ನಮ್ಮವರಿಗೆ ಯಾರು ಕಾಗದ ಕೊಟ್ಟಿದ್ದರು? ಗುಡಿಸಲಿಗೆ ಪಟ್ಟಾ ಇತ್ತಾ? ಹೆಬ್ಬೆಟ್ಟಿಗೆ ರಸೀತಿ ಇತ್ತಾ?

ನಮ್ಮೂರಿಗೂ ಕೆಲವು ವರ್ಷದ ಹಿಂದೆ ಕೆರೆ ಅಭಿವೃದ್ಧಿ ಅಂತ ಒಂದು ಯೋಜನೆ ಬಂತು. ಸಂಘ ಮಾಡಬೇಕು, ಎಲ್ಲರೂ ಇರಬೇಕು, ಹೆಂಗಸರೂ ಇರಬೇಕು, ಪರಿಶಿಷ್ಟರೂ ಇರಬೇಕು ಅಂತ ನಿಯಮ. ಸಭೆ ಆಯ್ತು ಅಂತ ಪುಸ್ತಕದಲ್ಲಿದೆ. ನಮ್ಮ ಕೇರಿಯಿಂದ ಒಬ್ಬ ಸದಸ್ಯ. ಯಾರು ಅಂತ ನೋಡಿದರೆ ಅಧ್ಯಕ್ಷರ ಮನೆಯಲ್ಲಿ ಜೀತಕ್ಕಿದ್ದವನ ಮಗ. ಅವನಿಗೆ ಸಭೆ ಅಂದ್ರೆ ರಾತ್ರಿ ದನ ಕಟ್ಟುವಾಗ ಕೊಟ್ಟಿಗೆಗೆ ಬಂದ ಪುಸ್ತಕಕ್ಕೆ ಹಾಕಿದ ಸಹಿ. ಕೇರಿಯ ಹೆಂಗಸರ ಪರವಾಗಿ ನಮ್ಮವ್ವನ ಹೆಸರೂ ಇತ್ತು. ಅವ್ವನಿಗೆ ಅದು ಗೊತ್ತಾದದ್ದು ನಾನು ಪುಸ್ತಕ ಓದಿ ಹೇಳಿದ ದಿನ. "ಹೌದಾ ಮಗ, ನಾನೇನು ಹೇಳಿದ್ನಂತೆ ಅಲ್ಲಿ?" ಅಂತ ಕೇಳಿದಳು. ಕೆರೆಯಿಂದ ತೆಗೆದ ಹೂಳು ಟ್ರಾಕ್ಟರಿನಲ್ಲಿ ಜಮೀನಿದ್ದವರ ಹೊಲ ಸೇರಿತು. ಮೀನಿನ ಹರಾಜು ಯಾರಿಗೆ ಆಯ್ತು, ದುಡ್ಡು ಎಲ್ಲಿ ಹೋಯ್ತು ಅಂತ ಕೇರಿಗೆ ಗೊತ್ತಿಲ್ಲ. ನಾವು ಬಟ್ಟೆ ಒಗೆಯೋ ಕಲ್ಲು ಮಾತ್ರ "ಸೌಂದರ್ಯಕ್ಕೆ ಅಡ್ಡಿ" ಅಂತ ಎದ್ದುಹೋಯ್ತು.

ಬೀನಾ ಅಗರ್ವಾಲ್ ಅನ್ನೋ ಅರ್ಥಶಾಸ್ತ್ರಜ್ಞೆ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳಲ್ಲಿ ಹೆಂಗಸರ ಸ್ಥಾನದ ಬಗ್ಗೆ ಅಧ್ಯಯನ ಮಾಡಿದ್ದಾರೆ. ಸಮಿತಿಯಲ್ಲಿ ಒಬ್ಬಳೋ ಇಬ್ಬರೋ ಇದ್ದರೆ ಬಾಯಿ ಬಿಡೋಕಾಗಲ್ಲ. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನ ಇದ್ದಾಗ ಮಾತು ಹೊರಡುತ್ತೆ, ಮಾತಿಗೆ ಬೆಲೆಯೂ ಬರುತ್ತೆ ಅಂತ ಅವರು ಕಂಡುಕೊಂಡರು. ಇದು ನಮಗೂ ಪಾಠ. ಒಬ್ಬನನ್ನು ಕೂರಿಸೋದು ನಮ್ಮ ಬಾಯಿ ಮುಚ್ಚಿಸೋಕೆ. ಕಾಲು ಭಾಗ ಕೂತರೆ ಸಭೆಯ ಭಾಷೆಯೇ ಬದಲಾಗುತ್ತೆ.

ಕೊನೆಗೆ ಮಾನವಶಾಸ್ತ್ರದ ಬಗ್ಗೆ ಒಂದು ಮಾತು. ಈ ಶಾಸ್ತ್ರಕ್ಕೆ ನಮ್ಮ ಜೊತೆ ಹಳೇ ಲೆಕ್ಕ ಇದೆ. 1901ರ ಜನಗಣತಿಯ ಕಾಲದಲ್ಲಿ ರಿಸ್ಲೆ ಅನ್ನೋ ಅಧಿಕಾರಿ ನಮ್ಮ ಮೂಗಿನ ಉದ್ದಗಲ ಅಳೆದು ಯಾರು ಮೇಲು, ಯಾರು ಕೀಳು ಅಂತ ಹೇಳೋಕೆ ಹೊರಟಿದ್ದ. 1948ರಲ್ಲಿ ನಮ್ಮ ಮೈಸೂರು ಸೀಮೆಯ ಹಳ್ಳಿಗೇ ಎಂ. ಎನ್. ಶ್ರೀನಿವಾಸ್ ಬಂದು ಕೂತರು. ದೊಡ್ಡ ವಿದ್ವಾಂಸರು. ಆದರೆ ಅವರು ಉಳಕೊಂಡದ್ದು ಊರ ಪಟೇಲರ ಆಶ್ರಯದಲ್ಲಿ. ತಾವು ಕಂಡದ್ದು ಮೇಲ್ಜಾತಿಯವರ ಕಣ್ಣಿನ ಹಳ್ಳಿ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡ ಗುಣವೇ. ಜಗಲಿ ಮೇಲೆ ಕೂತು ನೋಡಿದರೆ ಊರು ಒಂದು ಥರ, ಕೆಳಗೆ ಬಿಸಿಲಲ್ಲಿ ನಿಂತು ನೋಡಿದರೆ ಇನ್ನೊಂದು ಥರ.

ಇಷ್ಟು ದಿನ ನೋಟ್‌ಬುಕ್ ಅವರ ಕೈಯಲ್ಲಿತ್ತು. ಈಗ ನಮ್ಮ ಕೈಗೆ ಬರಲಿ. ಹಾಸ್ಟೆಲಿನಲ್ಲಿ ಕೂತು ಓದುತ್ತಿರುವ ನಾವು ರಜಕ್ಕೆ ಊರಿಗೆ ಹೋದಾಗ ಬರೀ ಕ್ರಿಕೆಟ್ ಆಡಿ ಬರಬಾರದು. ಗ್ರಾಮಸಭೆಗೆ ಹೋಗಿ, ನೂರು ಪುಟದ ಒಂದು ನೋಟ್‌ಬುಕ್ ಹಿಡಕೊಂಡು. ಬರೆದುಕೊಳ್ಳಿ:

ಯಾರು ಕೂತರು, ಯಾರು ನಿಂತರು?

ಮೊದಲ ಮಾತು ಯಾರದ್ದು, ಕೊನೇ ಮಾತು ಯಾರದ್ದು?

ತೀರ್ಮಾನ ಸಭೆಯಲ್ಲಿ ಆಯ್ತಾ, ಹಿಂದಿನ ರಾತ್ರಿ ಯಾರದೋ ಪಡಸಾಲೆಯಲ್ಲಿ ಆಗಿತ್ತಾ?

ಪುಸ್ತಕದಲ್ಲಿ ಯಾರ ಸಹಿ ಇದೆ, ಅವರು ಅಲ್ಲಿ ಇದ್ದರಾ?

ಹೂಳು, ಮೀನು, ಹುಲ್ಲು, ಸೌದೆ ಯಾರ ಮನೆಗೆ ಹೋಯ್ತು? ಗುದ್ದಲಿ ಹಿಡಿದವನಿಗೆ ಏನು ಸಿಕ್ತು?

ಬರೆದದ್ದನ್ನು ಹಟ್ಟಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಅವ್ವಂದಿರಿಗೆ ಓದಿ ಹೇಳಿ. ಅಷ್ಟು ಸಾಕು, ಮುಂದಿನ ಸಭೆಗೆ ಅವರು ತಾವಾಗೇ ಬರ್ತಾರೆ. ಬಂದಾಗ ಕೇಳಬೇಕಾದದ್ದು ಇಷ್ಟು: ಜಮೀನು ಇಲ್ಲದವನಿಗೂ ಕೆರೆ ಸಂಘದಲ್ಲಿ ಹಕ್ಕು ಬೇಕು. ಕೇರಿಗೆ ಒಂದು ಕುರ್ಚಿ ಅಲ್ಲ, ಕಾಲು ಭಾಗ ಬೇಕು. ಕೇರಿಯ ಪ್ರತಿನಿಧಿಯನ್ನು ಕೇರಿಯೇ ಆರಿಸಬೇಕು. ನೀರಗಂಟಿ ಕೆಲಸಕ್ಕೆ ತಿಂಗಳ ಸಂಬಳ ಬೇಕು, ಆ ಕೆಲಸ ಹುಟ್ಟಿನಿಂದ ಅಲ್ಲ ಅರ್ಜಿಯಿಂದ ಬರಬೇಕು, ಗೌಡರ ಮಗನೂ ಅರ್ಜಿ ಹಾಕಲಿ! ಮೀನಿನ ದುಡ್ಡಿನ ಲೆಕ್ಕ ಗೋಡೆ ಮೇಲೆ ಬರೆಯಬೇಕು.

ಹಳೇ ಪದ್ಧತಿ ವಾಪಸ್ ತರೋಣ ಅನ್ನೋ ಪರಿಸರ ಪ್ರೇಮಿಗಳಿಗೆ ನಮ್ಮ ಉತ್ತರವೂ ಇದೇ. ಹಳೇ ತಿಳಿವಳಿಕೆ ಬರಲಿ ಸ್ವಾಮಿ, ಅದು ನಮ್ಮ ತಾತಂದಿರದ್ದು. ಹಳೇ ಜಗಲಿ ಬೇಡ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪನನ್ನು ಕರಕೊಂಡು ಏರಿ ಮೇಲೆ ನಡೆದೆ. ಎಷ್ಟೋ ವರ್ಷದಿಂದ ಅವನು ಆ ಕಡೆ ಕಾಲಿಟ್ಟಿರಲಿಲ್ಲ. ಜಾಲಿ ಮುಳ್ಳು ಸರಿಸಿಕೊಂಡು ಹೋಗಿ ತೂಬಿನ ಹತ್ತಿರ ನಿಂತ. "ಇಲ್ಲಿ ಒಂದು ಕಲ್ಲು ಸಡಿಲ ಆಗೈತೆ, ಈ ಮಳೆಗಾಲ ತಡೆಯಲ್ಲ" ಅಂದ. "ಯಾರಿಗಾದ್ರೂ ಹೇಳಿದ್ಯೇನಪ್ಪ?" ಅಂದೆ. "ಯಾರು ಕೇಳಿದ್ರು?" ಅಂದ.

ಮುಂದಿನ ಗ್ರಾಮಸಭೆಗೆ ಅಪ್ಪ ಬರ್ತಾನೆ. ಕೂತುಕೊಂಡು ಹೇಳ್ತಾನೆ. ನಾನು ಪಕ್ಕದಲ್ಲಿ ಬರಕೋತಾ ಇರ್ತೀನಿ.

ನಿಮ್ಮ ಊರಲ್ಲೂ ಒಂದು ಕೆರೆ ಇದೆಯಲ್ಲ?

ಜೈ ಭೀಮ್.